ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ ಎಂದವರು ಯಾರು?

ಪ್ರಶ್ನೆ: ಬ್ರಿಟಿಷರ ಕಾಲದ ಸೈನ್ಯ ಎಂದರೆ ಸಿಖ್ಖರು, ಗೂರ್ಖಾಗಳು, ಪಠಾಣರ ಹೆಸರೇ ಕೇಳಿಬರುತ್ತದೆ. ನಮ್ಮ ಕಡೆಯವರಿಗೆ ಹೋರಾಡಲು ಬರುವುದಿಲ್ಲ ಅಂತ ನಿಜಕ್ಕೂ ತೀರ್ಮಾನಿಸಿದ್ದರಾ?

ಉತ್ತರ: ಹೌದು. ಆ ಮಾತನ್ನು ಹೇಳಿದವರು ಹಲವರು. ಆದರೆ ಅದನ್ನು ಸೈನ್ಯದ ನೇಮಕಾತಿಗೆ ಇಳಿಸುವ ಅಧಿಕಾರ ಇದ್ದವನು ಫ್ರೆಡರಿಕ್ ರಾಬರ್ಟ್ಸ್.

ಈತ ಹುಟ್ಟಿದ್ದು 1832ರಲ್ಲಿ, ಕಾನ್ಪುರದಲ್ಲಿ. ಅಪ್ಪ ಕಂಪನಿ ಸೈನ್ಯದ ಅಧಿಕಾರಿ. ಓದು ಇಂಗ್ಲೆಂಡಿನಲ್ಲಿ. ಹತ್ತೊಂಬತ್ತರ ವಯಸ್ಸಿಗೆ ಬಂಗಾಳದ ತೋಪುಖಾನೆಗೆ (ಫಿರಂಗಿ ದಳಕ್ಕೆ) ಸೇರಿ ಪೇಶಾವರಕ್ಕೆ ಹೋದ. 1857ರಲ್ಲಿ ದೆಹಲಿ, ಲಖನೌ ಕಾಳಗಗಳಲ್ಲಿದ್ದ. 1858ರ ಜನವರಿಯಲ್ಲಿ ತೋರಿದ ಸಾಹಸಕ್ಕೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ದೊಡ್ಡ ಹೆಸರು ಬಂದದ್ದು ಅಫ್ಘಾನಿಸ್ತಾನದಲ್ಲಿ. 1880ರ ಆಗಸ್ಟಿನಲ್ಲಿ ಸುಮಾರು 10,000 ಸೈನಿಕರನ್ನು ಕಾಬೂಲಿನಿಂದ ಕಂದಹಾರಕ್ಕೆ, 300 ಮೈಲಿಗೂ ಜಾಸ್ತಿ ದೂರ, ಮೂರು ವಾರ ದಾಟುತ್ತಿದ್ದಂತೆ ನಡೆಸಿ ತಂದ. ತಲುಪಿದ ಮಾರನೇ ದಿನವೇ ಯುದ್ಧ ಗೆದ್ದ. ಜೊತೆಗಿದ್ದವರು ಗೂರ್ಖಾಗಳು, ಸಿಖ್ಖರು, ಸ್ಕಾಟ್ಲೆಂಡಿನವರು. ಇದೇ ಮನುಷ್ಯ ಹಿಂದಿನ ವರ್ಷ ಕಾಬೂಲಿನಲ್ಲಿ ಎಷ್ಟೋ ಜನರನ್ನು ಗಲ್ಲಿಗೇರಿಸಿದ್ದ. ಸಾಹಸ ಹೇಳುವಾಗ ಇದನ್ನೂ ಹೇಳಲೇಬೇಕು.

ಮಾರನೇ ವರ್ಷ, 1881ರಲ್ಲಿ, ಆತ ಹೆಚ್ಚಾಗಿ ದಕ್ಷಿಣದವರೇ ಇದ್ದ ಮದ್ರಾಸ್ ಸೈನ್ಯದ ಮುಖ್ಯಸ್ಥನಾಗಿ ಬಂದ. ಅಲ್ಲಿಯವರೆಗೆ ಆತ ಕಂಡ ಯುದ್ಧಗಳಲ್ಲಿ ಹೆಚ್ಚಿನವು ಉತ್ತರದವು. ಮನಸ್ಸಿನಲ್ಲಿದ್ದ ಶತ್ರು ಅಫ್ಘಾನಿಸ್ತಾನದ ಆಚೆಯಿಂದ ಇಳಿದುಬರಬಹುದಾದ ರಷ್ಯನ್. ಅಂಥವರ ಎದುರು ಮದ್ರಾಸಿನ ಸಿಪಾಯಿ ನಿಲ್ಲುವುದಿಲ್ಲ ಎಂದು ಆತನಿಗೆ ಅನ್ನಿಸಿತು. 1897ರಲ್ಲಿ ಬಂದ 'ಫಾರ್ಟಿ ಒನ್ ಇಯರ್ಸ್ ಇನ್ ಇಂಡಿಯಾ' ಎಂಬ ಆತ್ಮಕಥೆಯಲ್ಲಿ ಅದನ್ನು ಬರೆದ. ಇವರ ಪೂರ್ವಜರಲ್ಲಿದ್ದ ಕೆಚ್ಚನ್ನು ಇವರಲ್ಲಿ ಹುಡುಕಿದೆ, ಸಿಗಲಿಲ್ಲ. ಬಹುಕಾಲದ ಶಾಂತಿ, ನೆಮ್ಮದಿ ಇವರನ್ನು ಮೆತ್ತಗೆ ಮಾಡಿದೆ ಎಂಬುದು ಆತನ ವಾದ.

ಇಲ್ಲಿ ಸ್ವಲ್ಪ ನಿಲ್ಲೋಣ. ಪೂರ್ವಜರಲ್ಲಿ ಕೆಚ್ಚಿತ್ತು ಎಂದು ಆತನೇ ಒಪ್ಪುತ್ತಾನೆ, ಅಲ್ವಾ? ಆ ಪೂರ್ವಜರು ಕಾದಾಡಿದ್ದು ಹೈದರ್, ಟಿಪ್ಪುವಿನ ವಿರುದ್ಧ. ಎದುರಿಗಿದ್ದ ಮೈಸೂರಿನ ಪಡೆಯಲ್ಲೂ ದಕ್ಷಿಣದವರು ಬೇಕಾದಷ್ಟಿದ್ದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ದಂಡನ್ನು ಆ ಪಡೆ ನೆಲಕಚ್ಚಿಸಿತು. ನೂರು ವರ್ಷದಲ್ಲಿ ರಕ್ತ ಬದಲಾಗುತ್ತದೆಯೇ? ಬದಲಾದದ್ದು ಕೆಲಸ. ಟಿಪ್ಪುವಿನ ನಂತರ ದಕ್ಷಿಣದಲ್ಲಿ ದೊಡ್ಡ ಯುದ್ಧಗಳು ಹೆಚ್ಚು ಉಳಿಯಲಿಲ್ಲ. ಮದ್ರಾಸಿನ ಎಷ್ಟೋ ಪಲ್ಟನ್‌ಗಳು ಕಂಟೋನ್ಮೆಂಟಿನಲ್ಲೇ ಕೂತವು, ಗಡಿಯ ಯುದ್ಧಗಳು ಉತ್ತರದವರ ಪಾಲಾದವು. ಅಭ್ಯಾಸ ತಪ್ಪಿದ್ದನ್ನು ರಾಬರ್ಟ್ಸ್ ಕೆಚ್ಚೇ ಸತ್ತುಹೋಗಿದೆ ಎಂದು ಓದಿದ. ನಿಷ್ಠೆಯ ಪ್ರಶ್ನೆಯಂತೂ ಅಲ್ಲವೇ ಅಲ್ಲ. 1857ರಲ್ಲಿ ಮದ್ರಾಸ್ ಸೈನ್ಯ ಬಹುಪಾಲು ಕಂಪನಿಯ ಕಡೆಗೇ ನಿಂತಿತ್ತು.

ಒಬ್ಬ ಅಧಿಕಾರಿಯ ಅನಿಸಿಕೆಯಾಗಿ ಉಳಿದಿದ್ದರೆ ಇದು ಇಷ್ಟು ದೊಡ್ಡ ವಿಷಯ ಆಗುತ್ತಿರಲಿಲ್ಲ. ಆದರೆ 1885ರಿಂದ 1893ರವರೆಗೆ ಇಡೀ ಭಾರತದ ಸೇನೆ ಆತನ ಕೈಯಲ್ಲಿತ್ತು. ಮದ್ರಾಸಿನ ಹಲವು ಪಲ್ಟನ್‌ಗಳನ್ನು ಬರ್ಮಾದ ಪಲ್ಟನ್‌ಗಳಾಗಿ ಮಾಡಿ ಉತ್ತರದವರನ್ನು ತುಂಬಲಾಯಿತು. ಯುದ್ಧಕ್ಕೆ ಕಳಿಸದೆ, ಯುದ್ಧ ಬರುವುದಿಲ್ಲ ಎನ್ನುವ ಈ ಸುತ್ತು ಆತನ ನಂತರವೂ ನಿಲ್ಲಲಿಲ್ಲ. 1914ರ ನವೆಂಬರಿನಲ್ಲಿ ರಾಬರ್ಟ್ಸ್ ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರನ್ನು ನೋಡಲು ಹೋಗಿ, ನ್ಯುಮೋನಿಯಾ ಆಗಿ, 82ರ ವಯಸ್ಸಿನಲ್ಲಿ ತೀರಿಕೊಂಡ. ಎರಡು ಮಹಾಯುದ್ಧಗಳ ನಡುವೆ, ದಕ್ಷಿಣದವರು ಇನ್ನೂ ಉಳಿದಿದ್ದ ಮದ್ರಾಸಿನ ಹಳೆಯ ಕಾಲಾಳು ಪಲ್ಟನ್‌ಗಳೂ ಮುಚ್ಚಿದವು. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ದಳ ಮಾತ್ರ ಉಳಿಯಿತು.

ಆದರೆ ಅದಕ್ಕೂ ಮೊದಲೇ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಎರಡನೇ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ ಬ್ರಿಟಿಷರೇ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. 1949ರಲ್ಲಿ, ಹಿಂದೆ ರಾಬರ್ಟ್ಸ್ ಕೂತಿದ್ದ ದಂಡನಾಯಕನ ಹುದ್ದೆಗೆ ಬಂದ ಮೊದಲ ಭಾರತೀಯ ಕೊಡಗಿನ ಕಾರ್ಯಪ್ಪ.