ಲಾಗಿನ್ ಉಳಿಯುತ್ತಿಲ್ಲ ಅಂದರೆ ಅವಧಿ ಹೆಚ್ಚಿಸಬೇಡಿ, ಕಾರಣ ಹುಡುಕಿ

ಒಮ್ಮೆ ಲಾಗಿನ್ ಆದರೂ ಆ್ಯಪ್ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ ಅನ್ನುವುದು ಪೇಟೆಯಲ್ಲಿ ಕೂತು ಕೋಡ್ ಬರೆಯುವವರಿಗೆ ಸಣ್ಣ ದೂರು. ಹೊಸನಗರದ ಒಳಹಳ್ಳಿಯಲ್ಲಿ ಅದು ಸಣ್ಣದಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಲಾಗಿನ್ ಹೋಯಿತು ಅಂದರೆ ಓಟಿಪಿ ಬೇಕು, ಓಟಿಪಿ ಬರಬೇಕು ಅಂದರೆ ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ತೋಟದ ಮೇಲಿನ ಗುಡ್ಡ ಹತ್ತಬೇಕು. ಹಾಗಾಗಿ ನಮ್ಮ ಮಲೆನಾಡಿಗೆ ಆ್ಯಪ್ ಮಾಡುವವರು ಈ ದೂರನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಶಿವಮೊಗ್ಗದ ಒಂದು ಅಡಿಕೆ ಸೊಸೈಟಿಯ ವೆಬ್ ಆ್ಯಪ್ ನೋಡಿಕೊಡಿ ಅಂತ ಕರೆದಿದ್ದರು. ಗೋದಾಮಿನಲ್ಲಿ ನಮ್ಮ ಅಡಿಕೆಯಲ್ಲಿ ರಾಶಿ ಇಡಿ ಬಗೆಯದ್ದು ಎಷ್ಟು ಚೀಲ, ಬೆಟ್ಟೆ ಬಗೆಯದ್ದು ಎಷ್ಟು, ಖಾತೆಗೆ ದುಡ್ಡು ಬಿತ್ತಾ, ಇಷ್ಟನ್ನು ಸದಸ್ಯರು ಅದರಲ್ಲಿ ನೋಡುತ್ತಾರೆ. "ನನ್ನನ್ನು ನೆನಪಿಡಿ" ಅನ್ನುವ ಕಡೆ ಟಿಕ್ ಹಾಕಿದರೂ ಉಪಯೋಗ ಇಲ್ಲ. "ಟಿಕ್ ಹಾಕಿಯೇ ಹಾಕ್ತೇನೆ ಮಾರಾಯ್ರೇ, ಎರಡು ದಿನಕ್ಕೆ ಮತ್ತೆ ಹೊರಗೆ ಹಾಕ್ತದೆ" ಅಂದರು ತೀರ್ಥಹಳ್ಳಿ ಕಡೆಯ ಒಬ್ಬರು. ಡೆವಲಪರ್ ಹುಡುಗ ಆಗಲೇ 30 ದಿನದ ಅವಧಿಯನ್ನು 365 ಮಾಡಿದ್ದ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಆದರೆ ಎರಡನೇ ದಿನಕ್ಕೇ ಹೊರಗೆ ಬೀಳುತ್ತಿದ್ದರೆ 30 ದಿನದ ಗಡುವು ಕಾರಣ ಆಗುವುದಾದರೂ ಹೇಗೆ? ಅಂದ ಹಾಗೆ, ನೀವು ಹತ್ತು ವರ್ಷ ಅಂತ ಬರೆದರೂ ಕ್ರೋಮ್ 2022ರಿಂದ ಯಾವ ಕುಕೀಯನ್ನೂ 400 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ.

ಸರ್ವರ್‌ಗೆ ತಾನಾಗಿ ಯಾರ ನೆನಪೂ ಇರುವುದಿಲ್ಲ. ಲಾಗಿನ್ ಆದಾಗ ಅದು ಕುಕೀ ಅನ್ನುವ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಪ್ರತಿ ಸಲವೂ ಅದನ್ನು ತೋರಿಸುತ್ತದೆ. ಸಾಮಾನ್ಯವಾಗಿ ಎರಡು ಚೀಟಿ ಇರುತ್ತವೆ. ಒಂದು ಸೆಷನ್‌ದು, ಅಂದರೆ ಈಗ ನಡೆಯುತ್ತಿರುವ ಭೇಟಿಯದ್ದು, ಇದಕ್ಕೆ ಆಯಸ್ಸು ಕಮ್ಮಿ. ಪಿಎಚ್‌ಪಿ ಭಾಷೆಯಲ್ಲಿ ಬರೆದ ಆ್ಯಪ್‌ನಲ್ಲಿ ಏನೂ ಬದಲಿಸದೇ ಬಿಟ್ಟರೆ 1440 ಸೆಕೆಂಡ್ ಸುಮ್ನೆ ಬಿದ್ದಿದ್ದ ಸೆಷನ್, ಅಂದರೆ 24 ನಿಮಿಷದ್ದು, ಕಸಕ್ಕೆ ಸೇರಬಹುದು. ಇನ್ನೊಂದು ನೆನಪಿಡುವ ಟೋಕನ್. ಸೆಷನ್ ಹೋದ ಮೇಲೆ ನಿಮ್ಮನ್ನು ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡುವುದು ಈ ಎರಡನೆಯದು. ಕೆಡುವುದೂ ಹೆಚ್ಚಾಗಿ ಇದೇ.

ಹುಡುಕುವುದನ್ನು ಬ್ರೌಸರ್‌ನಿಂದಲೇ ಶುರು ಮಾಡಿ. ಡೆವಲಪರ್ ಟೂಲ್ಸ್ ತೆಗೆದು ಕುಕೀ ಪಟ್ಟಿ ನೋಡಿ. ಟೋಕನ್ ಎದುರಿಗೆ ತಾರೀಖಿನ ಬದಲು "ಸೆಷನ್" ಅಂತಿದ್ದರೆ ಮ್ಯಾಕ್ಸ್-ಏಜ್, ಅಂದರೆ ಕುಕೀ ಎಷ್ಟು ಕಾಲ ಇರಬೇಕು ಅನ್ನುವ ಲೆಕ್ಕ, ಹಾಕುವುದೇ ಮರೆತಿದೆ. ಲಾಗಿನ್ ಆಗಿದ್ದು ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸದಲ್ಲಿ, ಮಾರನೇ ದಿನ ಬಂದಿದ್ದು ಅದಿಲ್ಲದ ವಿಳಾಸಕ್ಕೆ ಅಂತಾದರೆ ಡೊಮೇನ್ ಬರೆಯದ ಕುಕೀ ಅಲ್ಲಿಗೆ ಹೋಗುವುದಿಲ್ಲ. ಐಫೋನ್‌ನವರದ್ದು ಮಾತ್ರ ವಾರಕ್ಕೊಮ್ಮೆ ಹೋಗುತ್ತಿದ್ದರೆ ಕುಕೀಯನ್ನು ಜಾವಾಸ್ಕ್ರಿಪ್ಟ್‌ನಿಂದ ಬರೆದಿದ್ದೀರಾ ನೋಡಿ, ಸಫಾರಿ 2019ರಿಂದ ಅಂಥದ್ದನ್ನು 7 ದಿನ ಮಾತ್ರ ಇಡುತ್ತದೆ. ಸರ್ವರ್‌ನಿಂದಲೇ ಕೊಡಿ, ಜಾವಾಸ್ಕ್ರಿಪ್ಟ್ ಮುಟ್ಟದ ಹಾಗೆ ಎಚ್‌ಟಿಟಿಪಿ-ಓನ್ಲಿ ಅನ್ನುವ ಗುರುತು ಹಾಕಿ. ಟೋಕನ್ನನ್ನು ಐಪಿ ವಿಳಾಸಕ್ಕೆ ಗಂಟು ಹಾಕಿದ್ದರೆ ಅದನ್ನು ಮೊದಲು ಬಿಚ್ಚಿ. ಮನೆಯ ವೈಫೈ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮೊಬೈಲ್ ಡೇಟಾ ಶುರುವಾಗಿ ಐಪಿ ಬದಲಾಗಿರುತ್ತದೆ.

ಸೊಸೈಟಿಯ ಆ್ಯಪ್‌ನಲ್ಲಿ ಇವು ಯಾವುವೂ ಇರಲಿಲ್ಲ. ಕುಕೀ ಸರಿ ಇತ್ತು, ತಾರೀಖೂ ಸರಿ ಇತ್ತು.

ಹೀಗೆ ಎಲ್ಲವೂ ಸರಿ ಕಂಡಾಗ ನಾನು ಮಾಡಿಸುವ ಕೆಲಸ ಒಂದೇ: ಲಾಗಿನ್ ಪುಟಕ್ಕೆ ಕಳಿಸುವ ಮುಂಚೆ ಯಾಕೆ ಕಳಿಸುತ್ತಿದ್ದೇವೆ ಅಂತ ಸರ್ವರ್‌ನ ದಾಖಲೆಯಾದ ಲಾಗ್‌ನಲ್ಲಿ ಬರೆಸುವುದು. ಕುಕೀ ಬರಲೇ ಇಲ್ಲವಾ, ಬಂದರೂ ಡೇಟಾಬೇಸ್‌ನಲ್ಲಿ ಸಿಗಲಿಲ್ಲವಾ, ಸಿಕ್ಕಿತು ಆದರೆ ಅವಧಿ ಮುಗಿದಿತ್ತಾ, ಅಥವಾ ಆ ಸಾಧನದ ಸಾಲು ಸಿಕ್ಕಿ ಅದರಲ್ಲಿರುವ ಟೋಕನ್ ಮಾತ್ರ ತಾಳೆ ಆಗಲಿಲ್ಲವಾ. ಬಹಳಷ್ಟು ಆ್ಯಪ್‌ಗಳು ಈ ನಾಲ್ಕಕ್ಕೂ ಒಂದೇ ಲಾಗಿನ್ ಪುಟ ತೋರಿಸಿ ಸುಮ್ಮನಾಗುತ್ತವೆ, ಆಮೇಲೆ ಕಾರಣ ಊಹೆ ಮಾಡುತ್ತಾ ಕೂರಬೇಕು. ಟೋಕನ್ನನ್ನೇ ಲಾಗ್‌ಗೆ ಬರೆಯಬೇಡಿ, ಕಾರಣ ಸಾಕು.

ನಮಗೆ ಸಿಕ್ಕಿದ್ದು ನಾಲ್ಕನೆಯದು. ಅದೂ ಮಳೆ ಜೋರಾಗಿ, ಕರೆಂಟ್ ಹೋಗಿ ಬಂದು, ಲೈನ್ ತುಂಡಾಗುವ ಹಳ್ಳಿಗಳ ಸದಸ್ಯರದ್ದೇ ಜಾಸ್ತಿ.

ಅಲ್ಲಿ ಆಗುತ್ತಿದ್ದದ್ದು ಇದು. ಆ ಆ್ಯಪ್ ಪ್ರತಿ ಸಲ ನೆನಪಿಡುವ ಟೋಕನ್ ಬಳಸಿದಾಗಲೂ ಹಳೆಯದನ್ನು ರದ್ದು ಮಾಡಿ ಹೊಸದು ಕೊಡುತ್ತಿತ್ತು. ಬ್ಯಾರಿ ಜಾಸ್ಪನ್ ಅನ್ನುವ ಡೆವಲಪರ್ 2006ರಲ್ಲಿ ವಿವರಿಸಿದ ಪದ್ಧತಿ ಇದು, ಜಾವಾದವರು ಲಾಗಿನ್‌ಗೆ ಬಳಸುವ ಸ್ಪ್ರಿಂಗ್ ಸೆಕ್ಯೂರಿಟಿಯಲ್ಲೂ ಸಿಗುತ್ತದೆ. ಉದ್ದೇಶ ಒಳ್ಳೆಯದೇ. ಕದ್ದ ಟೋಕನ್ ಒಬ್ಬ ಬಳಸಿದ ಮೇಲೆ ಇನ್ನೊಬ್ಬರ ಕೈಯಲ್ಲಿ ಹಳೆಯದು ಉಳಿಯುತ್ತದೆ, ಅದನ್ನು ತೋರಿಸಿದ ಕೂಡಲೇ ಕಳ್ಳತನ ಗೊತ್ತಾಗುತ್ತದೆ. ಆದರೆ ನೆಟ್ ಮಧ್ಯದಲ್ಲಿ ಕಡಿದರೆ? ಫೋನ್ ಟೋಕನ್ ಕಳಿಸಿತು, ಸರ್ವರ್ ಹೊಸದು ಬರೆದುಕೊಂಡು ಹಳೆಯದನ್ನು ಅಳಿಸಿತು, ಉತ್ತರ ಹೊರಟಿತು, ಅಷ್ಟರಲ್ಲಿ ಲೈನ್ ಹೋಯಿತು. ಈಗ ಫೋನಿನಲ್ಲಿರುವುದು ಹಳೆಯದು, ಸರ್ವರ್ ಒಪ್ಪುವುದು ಹೊಸದನ್ನು ಮಾತ್ರ. ಮುಂದಿನ ಸಲ ಆ ಬಡಪಾಯಿ ಸದಸ್ಯರು ಸರ್ವರ್ ಕಣ್ಣಿಗೆ ಕಳ್ಳರಾಗಿ ಕಾಣುತ್ತಾರೆ. ಎರಡು ಟ್ಯಾಬ್ ಒಟ್ಟಿಗೆ ತೆರೆದಾಗಲೂ ಇದೇ ಗತಿ.

ಹಳೆಯದಕ್ಕೆ ಒಂದು ನಿಮಿಷ ಸಡಿಲ ಕೊಟ್ಟರೆ ಸಾಕು ಅಂತ ಕೆಲವರು ಹೇಳುತ್ತಾರೆ. ಟ್ಯಾಬ್ ಸಮಸ್ಯೆಗೆ ಅದು ಸಾಕು, ನಮ್ಮ ಮಳೆಗೆ ಸಾಲದು. ಲೈನ್ ಬರುವುದು ಸಂಜೆಯೋ, ನಾಳೆಯೋ. ಹೊಸ ಟೋಕನ್ ಫೋನ್ ಸೇರಿದೆ ಅಂತ ಖಾತ್ರಿ ಆಗುವವರೆಗೂ, ಅಂದರೆ ಫೋನ್ ಅದನ್ನು ಒಮ್ಮೆ ತೋರಿಸುವವರೆಗೂ, ಹಳೆಯದನ್ನು ಜೀವಂತ ಇಡಬೇಕು. ಹೊಸದು ಬಂದ ಮೇಲೆ, ದಾರಿಯಲ್ಲಿರುವ ಕೋರಿಕೆಗಳಿಗೆ ಅಂತ ಒಂದು ನಿಮಿಷ ಬಿಟ್ಟು, ಹಳೆಯದನ್ನು ತೆಗೆಯಿರಿ. ಹೊಸದು ಕೊಟ್ಟು ನಿಮಿಷ ಆಗುವ ಮೊದಲೇ ಹಳೆಯದು ಮತ್ತೆ ಬಂದರೆ ಒಳಗೆ ಬಿಡಿ, ಇನ್ನೊಂದು ಹೊಸದು ಕೊಡಬೇಡಿ. ಹೊಸದು ಇನ್ನೂ ಬಾರದೆ, ಅದಕ್ಕಿಂತ ತಡವಾಗಿ ಹಳೆಯದೇ ಬಂದರೆ ಇನ್ನೊಂದು ಕೊಡಿ. ಕಳ್ಳನನ್ನು ಹಿಡಿಯುವ ಗುಣ ಇದರಿಂದ ಹೋಗುವುದಿಲ್ಲ, ಯಾಕೆಂದರೆ ಹೊಸದನ್ನು ಅವನು ಬಳಸಿದ ಮೇಲೆ ಹಳೆಯದಕ್ಕೆ ಬೆಲೆ ಇಲ್ಲ. ಡೇಟಾಬೇಸ್‌ನಲ್ಲಿ ಎರಡರದ್ದೂ ಹ್ಯಾಶ್ ಮಾತ್ರ, ಅಂದರೆ ಮೂಲ ಟೋಕನ್ ಮರಳಿ ತೆಗೆಯಲಾಗದ ಗುರುತು ಮಾತ್ರ, ಇರಲಿ.

ಪರೀಕ್ಷೆ ಮಾಡಲು ಆಗುಂಬೆಗೆ ಹೋಗಬೇಕಾಗಿಲ್ಲ. ಹೊಸ ಟೋಕನ್ ಡೇಟಾಬೇಸ್‌ಗೆ ಬರೆದ ಕೂಡಲೇ, ಉತ್ತರ ಕಳಿಸುವ ಮೊದಲು, ಸಂಪರ್ಕ ಕಡಿಯುವ ಒಂದು ಸಾಲನ್ನು ಪರೀಕ್ಷಾ ಸರ್ವರ್‌ನಲ್ಲಿ ಸೇರಿಸಿ. ನೆನಪಿಡುವ ಟೋಕನ್ ಬಳಕೆಯಾಗುವ ಹಾಗೆ ಸೆಷನ್ ಕುಕೀ ಮಾತ್ರ ಅಳಿಸಿ ಪುಟ ತೆರೆಯಿರಿ, ಅದು ಕೈ ಕೊಡಲಿ. ಆ ಸಾಲು ತೆಗೆದು, ಸೆಷನ್ ಕುಕೀ ಇನ್ನೂ ಇದ್ದರೆ ಅಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ಲಾಗಿನ್ ಪುಟ ಬಂದರೆ ಕೆಲಸ ಇನ್ನೂ ಬಾಕಿ ಇದೆ. ಬರಲಿಲ್ಲ ಅಂದರೆ ಲಾಗ್‌ಔಟ್ ಒತ್ತಿ, ಆ ಸಾಧನದ ಹಳೆಯದು, ಹೊಸದು ಎರಡೂ ಡೇಟಾಬೇಸ್‌ನಿಂದ ಹೋದವಾ ಅಂತ ಅದನ್ನೂ ಒಮ್ಮೆ ನೋಡಿ.