ವಿವಾಹ ಮತ್ತು ವಿಚ್ಛೇದನ: ಮತ್ತಾಯ 19ರ ಸುತ್ತ ಒಂದು ಟಿಪ್ಪಣಿ

ವಿಚ್ಛೇದನದ ವಿಷಯದಲ್ಲಿ ಕ್ರೈಸ್ತ ಸಭೆಗಳು ಒಮ್ಮತಕ್ಕೆ ಬಂದಿಲ್ಲ. ಆದರೆ ಅವುಗಳ ಭಿನ್ನಾಭಿಪ್ರಾಯದ ಬಹುಭಾಗ ಹೊಸ ಒಡಂಬಡಿಕೆಯ ಕೆಲವೇ ವಚನಗಳಿಂದ ಹೊರಟಿರುವುದರಿಂದ ಮೊದಲು ಮತ್ತಾಯ 19ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದೇ ಎಂದು ಯೆಹೂದಿ ಧಾರ್ಮಿಕ ಪಂಥವೊಂದರ ಫರಿಸಾಯರು ಯೇಸುವನ್ನು ಕೇಳುತ್ತಾರೆ. ಇದರ ಹಿಂದೆ ಯೆಹೂದಿ ಗುರುಗಳ ಹಳೆಯ ವಾದವಿದೆ: ಮೋಶೆಯ ಧರ್ಮಶಾಸ್ತ್ರದ ಧರ್ಮೋಪದೇಶಕಾಂಡ 24:1ರಲ್ಲಿ ತ್ಯಾಗಪತ್ರಕ್ಕೆ (ವಿಚ್ಛೇದನದ ಪತ್ರಕ್ಕೆ) ಹೇಳಿರುವ ಕಾರಣವನ್ನು ಶಮ್ಮೈ ಪಂಥದವರು ಲೈಂಗಿಕ ಅನೀತಿಗೆ ಸೀಮಿತಗೊಳಿಸಿದರೆ, ಹಿಲ್ಲೇಲ್ ಪಂಥದವರಿಗೆ ಹೆಂಡತಿ ಅಡುಗೆ ಕೆಡಿಸಿದ್ದೂ ಸಾಕಾಗುತ್ತಿತ್ತು. ಯೇಸು ಈ ಕಾರಣಗಳ ಚರ್ಚೆಯಿಂದ ಆರಂಭಿಸದೆ ಆದಿಕಾಂಡಕ್ಕೆ ಹಿಂದಿರುಗಿ, ಗಂಡಹೆಂಡಿರು ಒಂದೇ ಶರೀರವಾಗಿರುವುದರಿಂದ ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದೆನ್ನುತ್ತಾನೆ. ತ್ಯಾಗಪತ್ರಕ್ಕೆ ಮೋಶೆ ಕೊಟ್ಟ ಅನುಮತಿ ಜನರ ಹೃದಯಕಾಠಿಣ್ಯದ ನಿಮಿತ್ತ ಬಂದದ್ದು, ಆದಿಯಿಂದ ಹಾಗಿರಲಿಲ್ಲ.

ತೊಡಕಿರುವುದು, ಹೆಂಡತಿಯನ್ನು ಬಿಟ್ಟು ಬೇರೊಬ್ಬಳನ್ನು ಮದುವೆಯಾಗುವವನು ವ್ಯಭಿಚಾರ ಮಾಡುತ್ತಾನೆನ್ನುವ 9ನೇ ವಚನದಲ್ಲಿ. ಇಲ್ಲಿಯೂ ಮತ್ತಾಯ 5:32ರಲ್ಲಿಯೂ ಲೈಂಗಿಕ ಅನೀತಿಯ ಕಾರಣಕ್ಕೆ ಬಿಡುವುದನ್ನು ಈ ಮಾತಿನಿಂದ ಹೊರತುಪಡಿಸಲಾಗಿದೆ. ಮಾರ್ಕ 10 ಮತ್ತು ಲೂಕ 16:18ರಲ್ಲಿ ಆ ವಿನಾಯಿತಿಯೇ ಇಲ್ಲ. ಮಾರ್ಕ 10:12ನ್ನೂ ಅವಸರದಲ್ಲಿ ದಾಟಬಾರದೆಂದು ನನಗನ್ನಿಸುತ್ತದೆ, ಏಕೆಂದರೆ ಅದು ಗಂಡನನ್ನು ಬಿಡುವ ಹೆಂಡತಿಯ ಮಾತನ್ನೂ ಎತ್ತುತ್ತದೆ. ಯೆಹೂದಿ ಪದ್ಧತಿಯಲ್ಲಿ ತ್ಯಾಗಪತ್ರ ಕೊಡುವವನು ಗಂಡ, ರೋಮನ್ ಕಾನೂನಿನಲ್ಲಿ ಮಾತ್ರ ಹೆಂಡತಿಗೂ ಆ ದಾರಿಯಿತ್ತು.

ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ (1 ಕೊರಿಂಥ 7) ಅಪೊಸ್ತಲ ಪೌಲನು ಯಾವುದು ಕರ್ತನಾದ ಯೇಸುವಿನ ಅಪ್ಪಣೆ, ಯಾವುದು ತನ್ನ ಮಾತು ಎಂಬುದನ್ನು ಎಚ್ಚರದಿಂದ ಬೇರ್ಪಡಿಸುತ್ತಾನೆ. ದಂಪತಿ ಅಗಲಬಾರದೆಂಬುದು ಕರ್ತನದು. ನಂಬದ ಸಂಗಾತಿ ತಾನಾಗಿ ಬಿಟ್ಟುಹೋದರೆ ಹೋಗಲಿ, ವಿಶ್ವಾಸಿಯು ಬದ್ಧನಲ್ಲ ಎಂಬುದು ಪೌಲನದು.

ಸಭೆಗಳ ದಾರಿ ಕವಲೊಡೆಯುವುದು ಇಲ್ಲಿಂದಲೇ. ಕ್ಯಾಥೊಲಿಕ್ ಸಭೆಗೆ ವಿವಾಹ ಒಂದು ಸಂಸ್ಕಾರ, ಅಂದರೆ ದೇವರ ಕೃಪೆ ತರುವ ಪವಿತ್ರ ವಿಧಿ. 1563ರಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಅದು ಅವಿಚ್ಛೇದ್ಯವೆಂಬ ಬೋಧನೆಯನ್ನು ದೃಢಪಡಿಸಿತು. ಕ್ಯಾಥೊಲಿಕ್ ಸಭೆ ನೀಡುವ ಅಸಿಂಧುತ್ವದ ತೀರ್ಪನ್ನು ವಿಚ್ಛೇದನವೆಂದು ಭಾವಿಸುವವರು ಬಹಳ ಮಂದಿ, ಆದರೆ ಮುಕ್ತ ಸಮ್ಮತಿಯಂಥ ಅಗತ್ಯ ಅಂಶವಿಲ್ಲದೆ ವಿವಾಹವು ಮೊದಲಿನಿಂದಲೂ ಸಿಂಧುವಾಗಿರಲಿಲ್ಲ ಎಂಬುದಷ್ಟೇ ಅದರ ಅರ್ಥ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಆದರ್ಶವನ್ನು ಬಿಡದೆಯೇ, ಮಾನವ ದೌರ್ಬಲ್ಯಕ್ಕೆ ಕರುಣೆ ತೋರಿ, ಪಶ್ಚಾತ್ತಾಪದ ಧಾಟಿಯ ಪ್ರಾರ್ಥನೆಗಳೊಂದಿಗೆ ಪುನರ್ವಿವಾಹಕ್ಕೆ ಅವಕಾಶ ಕೊಡುತ್ತವೆ. ಪ್ರೊಟೆಸ್ಟೆಂಟರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವು ವ್ಯಭಿಚಾರ ಮತ್ತು ಸರಿಪಡಿಸಲಾಗದ ಪರಿತ್ಯಾಗ ಎಂಬ ಎರಡೇ ಕಾರಣಗಳನ್ನು ಒಪ್ಪುತ್ತದೆ.

ಮನೆಯೊಳಗಿನ ಹಿಂಸೆಯನ್ನು ಈ ವಚನಗಳು ನೇರವಾಗಿ ಹೆಸರಿಸುವುದಿಲ್ಲ. ಹೊಡೆಯುವವನೇ ದಾಂಪತ್ಯವನ್ನು ತೊರೆದವನೆಂದು ಕೆಲವು ಪ್ರೊಟೆಸ್ಟೆಂಟ್ ಬೋಧಕರು ಪೌಲನ ಮಾತನ್ನು ವಿಸ್ತರಿಸುತ್ತಾರೆ. ಕ್ಯಾಥೊಲಿಕ್ ಸಭೆಯ 1983ರ ಕಾನೂನುಸಂಹಿತೆಯೂ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದಾಗ ಸಂಗಾತಿಯಿಂದ ದೂರವಿರುವುದನ್ನು ನ್ಯಾಯವೆಂದು ಒಪ್ಪುತ್ತದೆ, ಆದರೆ ವಿವಾಹಬಂಧ ಕಳಚಿತೆಂದು ಅದು ಹೇಳುವುದಿಲ್ಲ.