ಮುಖ ವಸಾಹತಿನದು, ಮೈ ಲಂಡನ್ನಿನದು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಶ್ರೀಮತಿ ಜೆರಾತ್‌ಮೀಲ್ ಬವರ್ಸ್ ಎಂಬಾಕೆಯ ಭಾವಚಿತ್ರವಿದೆ. ಅಮೆರಿಕ ಇನ್ನೂ ಬ್ರಿಟಿಷ್ ವಸಾಹತಾಗಿದ್ದಾಗ, 1763ರ ಸುಮಾರಿಗೆ, ಬಾಸ್ಟನ್ನಿನ ಚಿತ್ರಕಾರ ಜಾನ್ ಸಿಂಗಲ್ಟನ್ ಕಾಪ್ಲಿ ಬರೆದದ್ದು. ಮುಖವೇನೋ ಆಕೆಯದೇ. ಕೂತ ಭಂಗಿ, ಗೌನು, ತೊಡೆಯ ಮೇಲಿನ ನಾಯಿ ಮಾತ್ರ ಲಂಡನ್ನಿನಲ್ಲಿ ಜೋಶುವಾ ರೆನಾಲ್ಡ್ಸ್ ಬರೆದ ಲೇಡಿ ಕ್ಯಾರೊಲೈನ್ ರಸೆಲ್ ಚಿತ್ರದಿಂದ ಇಡಿಯಾಗಿ ಎತ್ತಿದ್ದು. ಮೂಲಚಿತ್ರವನ್ನು ಕಾಪ್ಲಿ ಕಂಡೇ ಇರಲಿಲ್ಲ. ಅವನ ಮುಂದಿದ್ದುದು ಅದರ ಕಪ್ಪು-ಬಿಳುಪು ಅಚ್ಚು. ಆ ಕಾಲದ ಅಮೆರಿಕನ್ ಭಾವಚಿತ್ರಗಳು ಯಾಕಿಷ್ಟು ಬಿಗಿಯಾಗಿವೆ ಎಂದು ಹುಡುಕುತ್ತ ಹೋದರೆ ಹೆಚ್ಚಾಗಿ ಇಂಥ ಅಚ್ಚುಗಳೇ ಕೈಗೆ ಸಿಗುತ್ತವೆ.

ಅದಕ್ಕೂ ಹಿಂದಿನ ತಲೆಮಾರಿಗೆ ಅಷ್ಟೂ ಆಸರೆ ಇರಲಿಲ್ಲ. 1671ರ ಸುಮಾರಿಗೆ ಬಾಸ್ಟನ್ನಿನ ಫ್ರೀಕ್ ದಂಪತಿಯನ್ನು ಬರೆದವನ ಹೆಸರೇ ಉಳಿದಿಲ್ಲ. ಈಗ ವೂಸ್ಟರ್ ಮ್ಯೂಸಿಯಂನಲ್ಲಿರುವ ಆ ಜೋಡಿಚಿತ್ರಗಳಲ್ಲಿ ಹೆಂಡತಿಯದರಲ್ಲಿ ಆಕೆಯ ತೊಡೆಯ ಮೇಲೆ ಆರು ತಿಂಗಳ ಮಗು ಮೇರಿ ಇದ್ದಾಳೆ. ಎಕ್ಸ್-ರೇ ಹಿಡಿದಾಗ ತಾಯಿಯ ಕೈಗಳು ಮೊದಲು ಬೇರೆ ಕಡೆ ಇದ್ದದ್ದು ಕಂಡಿತು. ಮಗು ಹುಟ್ಟಿದ ಮೇಲೆ, 1674ರಲ್ಲಿ, ಹಳೇ ಚಿತ್ರದ ಮೇಲೇ ಸೇರಿಸಿದ್ದಾರೆ. ಅಂದಹಾಗೆ, ಊರೂರು ತಿರುಗುವ ಚಿತ್ರಕಾರರು ಚಳಿಗಾಲದಲ್ಲಿ ಮೈಗಳನ್ನು ಬರೆದಿಟ್ಟುಕೊಂಡು ಬೇಸಿಗೆಯಲ್ಲಿ ತಲೆ ಕೂರಿಸುತ್ತಿದ್ದರು ಎಂಬ ಕಥೆ ಚೆನ್ನಾಗಿದೆ, ಆದರೆ ಪುರಾವೆಯಿಲ್ಲ.

ಕಾಪ್ಲಿ ನೋಡಿದಂಥ ಅಚ್ಚಿನ ಕಸುಬು ಬಾಸ್ಟನ್ನಿಗೆ ಬಂದದ್ದು ಪೀಟರ್ ಪೆಲಮ್‌ನಿಂದ. 1728ರಲ್ಲಿ ಅವನು ಮಾಡಿದ ಪಾದ್ರಿ ಕಾಟನ್ ಮೇದರ್ ಚಿತ್ರ ಅಮೆರಿಕದ ಮೊದಲ ಮೆಜೊಟಿಂಟ್. ಹಲ್ಲುಹಲ್ಲಾದ ಬಾಗಿದ ಅಲಗನ್ನು ತಾಮ್ರದ ತಗಡಿನ ಮೇಲೆ ಎಲ್ಲ ದಿಕ್ಕಿಗೂ ತೂಗಾಡಿಸಿ ಮೈಯಿಡೀ ತರಿತರಿ ಮಾಡಬೇಕು. ಆಗಲೇ ಮಸಿ ಹಚ್ಚಿ ಒತ್ತಿದರೆ ಕಾಗದ ಪೂರ್ತಿ ಕಪ್ಪು. ಬೆಳಕು ಬೇಕಾದ ಕಡೆ ಆ ತರಿಯನ್ನು ಹೆರೆದು ಉಜ್ಜಿ ನುಣುಪು ಮಾಡುತ್ತಾರೆ, ನುಣುಪಾದಷ್ಟೂ ಬಿಳುಪು. ತಾಮ್ರ ಮೆದು, ತರಿ ಬೇಗ ಸವೆಯುತ್ತದೆ. ಹಾಗಾಗಿ ಕೊನೆಕೊನೆಯ ಪ್ರತಿಗಳಲ್ಲಿ ನೆರಳು ಮಾಸಿ ಬೂದಿಯಾಗಿರುತ್ತದೆ. ಕಡಲಾಚೆಯ ಚಿತ್ರಕಾರನ ಕೈಗೆ ಯಾವ ಪ್ರತಿ ಬಂತೋ ಅದೇ ಪಾಠ.

ಅಚ್ಚು ಸಾಮಾನ್ಯವಾಗಿ 14 ಅಂಗುಲಕ್ಕೆ 10. ಗಿರಾಕಿ ಕೇಳುತ್ತಿದ್ದ ಕ್ಯಾನ್ವಾಸ್ 50ಕ್ಕೆ 40, ಅಥವಾ ಅಗ್ಗದ್ದಾದರೆ 30ಕ್ಕೆ 25. ಚೌಕಳಿ ಹಾಕಿ ಮೂರೂವರೆ-ನಾಲ್ಕು ಪಟ್ಟು ಹಿಗ್ಗಿಸಬಹುದು; ಬಣ್ಣವನ್ನು ಹಿಗ್ಗಿಸುವುದು ಹೇಗೆ? ಅಚ್ಚು ರೇಷ್ಮೆಯ ಮಡಿಕೆ ಎಲ್ಲಿ ಹೊಳೆಯುತ್ತದೆಂದು ಹೇಳುತ್ತದೆ. ಆ ನೆರಳು ನೀಲಿಯೋ ಕಂದೋ, ಕುಂಚ ದಪ್ಪಗೆ ಓಡಿತೋ ತೆಳ್ಳಗೋ ಎಂಬುದನ್ನು ಹೇಳುವುದಿಲ್ಲ. ಮುಖಕ್ಕೆ ಗಿರಾಕಿ ಎದುರಿಗಿದ್ದಾನೆ, ಮೈಗೆ ಕಾಗದ. ಎರಡೂ ಸೇರುವ ಕತ್ತಿನ ಬಳಿಯೇ ಬೆಸುಗೆ ಕಾಣುವುದು.

ಬಣ್ಣದ ಮೂಲಗಳು ಬಾಸ್ಟನ್ನಿನಲ್ಲಿ ಎರಡು. 1729ರಲ್ಲಿ ಬಂದ ಸ್ಕಾಟ್‌ಲ್ಯಾಂಡಿನ ಜಾನ್ ಸ್ಮೈಬರ್ಟ್ ಇಟಲಿಯಲ್ಲಿ ತಾನೇ ಮಾಡಿದ್ದ ನಕಲುಗಳನ್ನು ಹೊತ್ತು ತಂದಿದ್ದ. ವ್ಯಾನ್ ಡೈಕ್ ಬರೆದ ಕಾರ್ಡಿನಲ್ ಬೆಂಟಿವೋಲ್ಯೊ ಭಾವಚಿತ್ರದ ನಕಲು ಅದರಲ್ಲೊಂದು. 1734ರಿಂದ ಅವನದೇ ಬಣ್ಣದಂಗಡಿಯೂ ಇತ್ತು. ಅವನು 1751ರಲ್ಲಿ ತೀರಿಕೊಂಡ ಮೇಲೂ ಆ ನಕಲುಗಳಿದ್ದ ಅವನ ಕೋಣೆ ಕಾಪ್ಲಿಯ ಪೀಳಿಗೆಗೆ ಶಾಲೆಯಾಗಿತ್ತು.

ಕಾಪ್ಲಿ ಪೆಲಮ್‌ನ ಮಲಮಗ. 1765ರಲ್ಲಿ ತಮ್ಮ ಹೆನ್ರಿ ಪೆಲಮ್ ಹಾರುವ ಅಳಿಲಿನೊಡನೆ ಕೂತ ಚಿತ್ರ ಬರೆದು ಹಡಗಿನಲ್ಲಿ ಲಂಡನ್ನಿಗೆ ಕಳಿಸಿದ. ಮರುವರ್ಷ ಅದು ಪ್ರದರ್ಶನಗೊಂಡಿತು. ರೆನಾಲ್ಡ್ಸ್ ಮೆಚ್ಚಿದ, ಜೊತೆಗೆ ತಪ್ಪೂ ಹೇಳಿ ಕಳಿಸಿದ: ರೇಖೆ ಗಡಸು, ನೆರಳು ತಣ್ಣಗೆ, ವಿವರ ಅತಿ. ಮೂರೂ ಅಚ್ಚು ನೋಡಿ ಕಲಿತವನ ಗುರುತುಗಳೇ. ಆದರೆ ಹೀಗೆಂದ ರೆನಾಲ್ಡ್ಸ್ ಕೆನ್ನೆಗೆ ಬಳಸುತ್ತಿದ್ದ ಕಾರ್ಮೈನ್ ಕೆಂಪು ಬೆಳಕಿಗೆ ಮಾಸಿ, ಅವನ ಗಿರಾಕಿಗಳು ಅವನ ಕಾಲದಲ್ಲೇ ಬಿಳಿಚಿಕೊಂಡರು. ಇಂಗಳೀಕದ ಕೆಂಪು ಬಳಸಿದ್ದರೆ ಆ ಪಾಡು ಬರುತ್ತಿರಲಿಲ್ಲ.

ವಿವರ ಅತಿಯಾದರೂ ಬಾಸ್ಟನ್ನಿನ ವ್ಯಾಪಾರಿಗೆ ಬೇಕಿದ್ದದ್ದು ಅದೇ. 1767ರಲ್ಲಿ ನಿಕೊಲಸ್ ಬಾಯ್ಲ್‌ಸ್ಟನ್ ರೇಷ್ಮೆಯ ನಿಲುವಂಗಿ ತೊಟ್ಟು ಕೂತ. ಆ ಅಂಗಿಯ ಹೆಸರು ಬನಿಯನ್, ನಮ್ಮ ಬನಿಯಾ ವರ್ತಕರಿಂದ ಹೋದದ್ದು.

ಅದೇ ವರ್ಷ ಬ್ರಿಟಿಷ್ ಸಂಸತ್ತು ವಸಾಹತುಗಳ ಆಮದಿಗೆ ಸುಂಕ ಹಾಕಿತು. ಚಹಾದ ಮಾತು ಎಲ್ಲರಿಗೂ ಗೊತ್ತು. ಪಟ್ಟಿಯಲ್ಲಿ ಗಾಜು, ಕಾಗದ, ಸೀಸದ ಬಿಳಿ, ಚಿತ್ರಕಾರರ ಬಣ್ಣವೂ ಇದ್ದವು, ಬಣ್ಣಕ್ಕೆ 112 ಪೌಂಡ್ ತೂಕಕ್ಕೆ ಎರಡು ಶಿಲಿಂಗ್. 1770ರಲ್ಲಿ ಚಹಾ ಬಿಟ್ಟು ಉಳಿದದ್ದು ರದ್ದಾಯಿತು. ಕಾಪ್ಲಿಗೆ ಮುಳುವಾದದ್ದು ಆ ಉಳಿದ ಚಹಾವೇ. ಸುಂಕವನ್ನು ವಿರೋಧಿಸಿ ಬಾಸ್ಟನ್ನಿನವರು 1773ರಲ್ಲಿ ಸಮುದ್ರಕ್ಕೆ ಸುರಿದ 342 ಪೆಟ್ಟಿಗೆಗಳಲ್ಲಿ ಅವನ ಮಾವ ರಿಚರ್ಡ್ ಕ್ಲಾರ್ಕ್‌ಗೆ ಬಂದ ಸರಕೂ ಇತ್ತು. ಮರುವರ್ಷ ಕಾಪ್ಲಿ ಹಡಗು ಹತ್ತಿದವನು ತಿರುಗಿ ಬರಲಿಲ್ಲ.

ಅಳಿಲಿನ ಹುಡುಗನದು ಇನ್ನೊಂದು ವ್ಯಾಜ್ಯ. ಹೆನ್ರಿ ಪೆಲಮ್ 1770ರಲ್ಲಿ ಬಾಸ್ಟನ್ ಹತ್ಯಾಕಾಂಡದ, ಅಂದರೆ ಬ್ರಿಟಿಷ್ ಸೈನಿಕರು ಊರ ಜನರ ಮೇಲೆ ಗುಂಡು ಹಾರಿಸಿದ್ದರ, ಚಿತ್ರ ಬರೆದ. ಅದನ್ನು ನೋಡಲು ಪಡೆದ ಬೆಳ್ಳಿ ಕೆಲಸಗಾರ ಪಾಲ್ ರೆವೆರ್ ತಾನೇ ತಗಡು ಕೊರೆದು ಮೊದಲು ಮಾರಿಬಿಟ್ಟ. ದಾರಿಯಲ್ಲಿ ಅಡ್ಡಗಟ್ಟಿ ಸುಲಿದಂತಾಯಿತು ಎಂದು ಹೆನ್ರಿ ಅವನಿಗೆ ಕಾಗದ ಬರೆದ. ಇಂದು ಪಠ್ಯಪುಸ್ತಕಗಳಲ್ಲಿ ಸಿಗುವುದು ರೆವೆರ್‌ನ ಅಚ್ಚೇ.